ಮಸೀದಿಯ ಬೀಗದ ಕೈ ನನ್ನ ಹತ್ತಿರ ಇದೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಒಬ್ಬರು, ‘ಮಸೀದಿ ಇರುವುದು ನಮಾಜಿಗೆ. ಅಲ್ಲಿ ಟ್ಯೂಷನ್, ರಕ್ತದಾನ, ಮದುವೆ ಎಂದೆಲ್ಲ ಮಾಡುವುದಕ್ಕೆ ಆ ಧರ್ಮದಲ್ಲೇ ಒಪ್ಪಿಗೆ ಇಲ್ಲ’ ಎಂದು ಬರೆದಿದ್ದರು. ಹೆಸರು ನೋಡಿದರೆ ನಮ್ಮವರಲ್ಲ. ಆದರೆ ಅವರ ಮೇಲೆ ನನಗೆ ಸಿಟ್ಟಿಲ್ಲ. ಹೆಚ್ಚುಕಮ್ಮಿ ಇದೇ ಮಾತನ್ನು ನಮ್ಮ ಮೊಹಲ್ಲಾದ ಮಸೀದಿ ಕಮಿಟಿಯಲ್ಲಿ ನಮ್ಮವರ ಬಾಯಿಂದಲೇ ಮೂರು ತಿಂಗಳಿಂದ ಕೇಳುತ್ತಿದ್ದೇನೆ. ಅದಕ್ಕೂ ಮೊದಲು ಒಂದು ರಾತ್ರಿ ನಾನೇ ಆಡಿದ್ದೇನೆ. ಆ ರಾತ್ರಿಯ ಸಂಗತಿ ಮೊದಲು ಹೇಳಿ ಆಮೇಲೆ ಉಳಿದದ್ದಕ್ಕೆ ಬರುತ್ತೇನೆ. ಪತ್ರ ಉದ್ದವಾಯಿತು ಅನ್ನಿಸಿದರೆ ಕತ್ತರಿಸಿ, ರೇಷ್ಮೆ ಗೂಡಿನ ರೈತನ ಭಾಗ ಮಾತ್ರ ಉಳಿಸಿ.

ನಾನು ಶಿಡ್ಲಘಟ್ಟದ ರೀಲರ್. ಮೂವತ್ತೈದು ವರ್ಷದಿಂದ ರೇಷ್ಮೆ ಗೂಡು ಕೊಂಡು ನೂಲು ಬಿಚ್ಚಿಸುವ ಕೆಲಸ. ಮೊದಲು ಚರಕ ಇತ್ತು, ಈಗ ಕಾಟೇಜ್ ಬೇಸಿನ್, ಅಂದರೆ ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಹಾಕಿ ಎಳೆ ಬಿಚ್ಚುವ ಯಂತ್ರ. ಓದಿದ್ದು ಸರ್ಕಾರಿ ಶಾಲೆಯಲ್ಲಿ, ಕನ್ನಡದಲ್ಲಿ, ಎಸ್ಸೆಸ್ಸೆಲ್ಸಿ ತನಕ. ಅರಬ್ಬಿ ಓದುತ್ತೇನೆ, ಅರ್ಥವಾಗುವುದಿಲ್ಲ. ಆದ್ದರಿಂದ ಈ ಪತ್ರದಲ್ಲಿ ಬರುವ ಶರೀಯತ್ತಿನ ಮಾತೆಲ್ಲ ನಮಾಜು ನಡೆಸುವ ನಮ್ಮ ಪೇಶ್ ಇಮಾಮರಿಂದ ಕೇಳಿ ತಿಳಿದದ್ದು. ಅವರನ್ನು ನಾವು ಹಜರತ್ ಅನ್ನುತ್ತೇವೆ. ನಾನು ಕಮಿಟಿಯ ಸದಸ್ಯ, ಮನೆ ಮಸೀದಿಗೆ ಹತ್ತಿರ, ಹಾಗಾಗಿ ಗೇಟಿನ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ವಜೂ ಮಾಡುವ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ಕಟ್ಟೆಯ ಹಿತ್ತಾಳೆ ನಲ್ಲಿಗಳನ್ನು ಯಾರೋ ಬಿಚ್ಚಿಕೊಂಡು ಹೋದ ಮೇಲೆ ರಾತ್ರಿಯ ಇಶಾ ನಮಾಜು ಮುಗಿದ ಕೂಡಲೇ ಬೀಗ ಹಾಕುವುದು ಎಂದು ತೀರ್ಮಾನವಾಯಿತು. ನಲ್ಲಿ ಪ್ಲಾಸ್ಟಿಕ್ಕಿನದಾಯಿತು, ಬೀಗ ಹಾಗೇ ಉಳಿಯಿತು.

ಹೋದ ವರ್ಷ ಹಿಂಗಾರು ಮಳೆಯ ಒಂದು ರಾತ್ರಿ. ಇಶಾ ಆಗಿತ್ತು, ನಾನು ಗೇಟು ಎಳೆಯುತ್ತಿದ್ದೆ. ಬಾಗೇಪಲ್ಲಿ ಕಡೆಯ ರೈತ, ಐವತ್ತರ ಆಸುಪಾಸು, ತಲೆಗೆ ಟವೆಲ್ಲು, ಜೊತೆಗೆ ನಾಲ್ಕು ಚೀಲ ಗೂಡು. ಲಗೇಜ್ ಆಟೋದವನು ಇನ್ನು ಮುಂದೆ ಬರಲ್ಲ ಎಂದು ನಮ್ಮ ಗೇಟಿನ ಶೀಟಿನ ಕೆಳಗೆ ಇಳಿಸಿ ಹೋಗಿದ್ದ. ಮಾರುಕಟ್ಟೆ ಬೆಳಿಗ್ಗೆ. ಆ ಮನುಷ್ಯ ಕೇಳಿದ್ದು ಇಷ್ಟೇ: “ಸಾಬ್ರೆ, ವರಾಂಡದಾಗೆ ಎರಡು ಚಾಪೆ ಅಗಲ ಜಾಗ ಕೊಡಿ. ಗೂಡು ಹರಡ್ಕೊತೀನಿ. ಕಟ್ಟಿಟ್ರೆ ಬಿಸಿ ಬಂದ್ಬಿಡ್ತದೆ.”

ಬಿಸಿ ಬರುವುದು ಎಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೂಡಿನೊಳಗೆ ಹುಳ ಜೀವಂತ ಇರುತ್ತದೆ, ಉಸಿರಾಡುತ್ತದೆ. ಚೀಲದಲ್ಲಿ ಒತ್ತಿ ಕಟ್ಟಿ, ಮೇಲೆ ನಾಲ್ಕು ಹನಿ ನೀರೂ ಬಿದ್ದರೆ ಒಳಗೆಲ್ಲ ಬೆವರುತ್ತದೆ, ಹುಳ ಸತ್ತು ರಸ ಬಿಡುತ್ತದೆ, ಗೂಡಿಗೆ ಕರೆ ಹಿಡಿಯುತ್ತದೆ. ಅಂಥ ಗೂಡಿನ ಎಳೆ ಬೇಸಿನ್ನಿನಲ್ಲಿ ಮಾತುಮಾತಿಗೆ ಕಡಿಯುತ್ತದೆ. ಚೀಲಕ್ಕೆ ಕೈ ಹಾಕಿದರೆ ಸಾಕು, ನನ್ನ ಬೆರಳಿಗೆ ಗೊತ್ತಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದ ನಾನು ಹೇಳಿದ ಮಾತು: “ಇದು ಮಸೀದಿ ಕಣಪ್ಪ. ವ್ಯಾಪಾರದ ಮಾಲು ಇಡೋ ಹಾಗಿಲ್ಲ.”

ಆತ ವಾದ ಮಾಡಲಿಲ್ಲ. “ಆಯ್ತು ಸಾಬ್ರೆ” ಎಂದು ಒಂದೊಂದೇ ಚೀಲ ಹೊತ್ತುಕೊಂಡು ಎದುರುಗಡೆ ಅಂಗಡಿ ಸಾಲಿನ ಮುಂದೆ ಇಟ್ಟುಕೊಂಡ. ನಾನು ಬೀಗ ಹಾಕಿದೆ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಲಾಟ್ ನೋಡುತ್ತಾ ಹೋಗುವಾಗ ಒಂದು ಕಡೆ ಗೂಡಿಗೆ ಕೈ ಹಾಕಿದೆ, ಬೆಚ್ಚಗಿತ್ತು, ವಾಸನೆ ಬಂದಿತ್ತು. ಇಳಿಸಿ ಬಿಡ್ ಹಾಕಿ ಮುಂದೆ ಹೋದೆ. ಹಾಕಿದ ಮೇಲೆ ತಲೆ ಎತ್ತಿ ನೋಡಿದರೆ ಅದೇ ಟವೆಲ್ಲು. ಆತ ನನ್ನನ್ನು ಗುರುತಿಸಿದನೋ ಇಲ್ಲವೋ, ತಿರುಗಿ ನೋಡಿ ನಮಸ್ಕಾರ ಮಾಡಿದ.

ಇದನ್ನು ಯಾರಿಗೂ ಹೇಳಿರಲಿಲ್ಲ. ಎರಡು ದಿನ ಬಿಟ್ಟು ಹಜರತ್ ಹತ್ತಿರ, ಕತೆ ನನ್ನದು ಎನ್ನದೆ, ‘ಹೀಗೆ ಯಾರಾದರೂ ಗೂಡು ಇಡುತ್ತೇನೆ ಎಂದರೆ ಇಡಬಹುದಾ’ ಎಂದು ಕೇಳಿದೆ. ಅವರು ವಯಸ್ಸಿನಲ್ಲಿ ನನ್ನ ಮಗನಷ್ಟು, ಆದರೆ ಚುರುಕು. ನೇರ ಉತ್ತರ ಕೊಡಲಿಲ್ಲ. “ವ್ಯಾಪಾರದ ಮಾತು ಬಂತಲ್ಲ ಚಾಚಾ, ಮೊನ್ನೆ ಮಗ್ರಿಬ್ ಆದ ಮೇಲೆ ಮೊದಲ ಸಫ್‌ನಲ್ಲಿ ಕೂತು ಫೋನಿನಲ್ಲಿ ನೂಲಿನ ರೇಟು ಮಾತಾಡಿದವರು ಯಾರು?” ಎಂದರು.

ನಾನೇ. (ಮಗ್ರಿಬ್ ಅಂದರೆ ಸೂರ್ಯ ಮುಳುಗಿದ ಮೇಲಿನ ನಮಾಜು, ಸಫ್ ಅಂದರೆ ನಮಾಜಿಗೆ ನಿಲ್ಲುವ ಸಾಲು.) ಬೆಂಗಳೂರಿನ ನೂಲು ವ್ಯಾಪಾರಿಯ ಫೋನು, ಎತ್ತದಿದ್ದರೆ ಬೇರೆಯವರಿಗೆ ಹೋಗುತ್ತದೆ. ತಸ್ಬೀ ಮಣಿ ಎಣಿಸುತ್ತಾ ರೇಟು ಮುಗಿಸಿದ್ದೆ. ಹಜರತ್ ಒಂದು ಹದೀಸ್, ಅಂದರೆ ಪೈಗಂಬರರ ನಡೆನುಡಿಯ ವರದಿ, ಹೇಳಿದರು: ಮಸೀದಿಯೊಳಗೆ ಯಾರಾದರೂ ಮಾರುವುದು ಕೊಳ್ಳುವುದು ಕಂಡರೆ ‘ನಿನ್ನ ವ್ಯಾಪಾರದಲ್ಲಿ ಅಲ್ಲಾಹ್ ಲಾಭ ಕೊಡದಿರಲಿ’ ಎಂದುಬಿಡಿ ಅಂತ ಪೈಗಂಬರರು ಹೇಳಿದ್ದಾರೆ. ಅಂದರೆ ಒಳಗೆ ಕೂತು ಖಡಾಖಂಡಿತ ನಿಷೇಧವಿದ್ದ ಕೆಲಸ ಮಾಡಿ, ಒಂದೂವರೆ ಗಂಟೆಯ ನಂತರ ಅದೇ ನಿಯಮವನ್ನು ನೆನೆದುಕೊಂಡು ಹೊರಗೆ ನೆನೆಯುತ್ತಿದ್ದವನನ್ನು ಅಟ್ಟಿದ್ದೆ. ಆ ಮೇಲೆ ಕತೆ ನನ್ನದೇ ಎಂದು ಒಪ್ಪಿಕೊಂಡೆ. ಅವರಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ನಿಮ್ಮ ಪತ್ರದವರಿಗೆ ನಾನು ಹೇಳಬೇಕೆಂದಿರುವುದೂ ಇದನ್ನೇ. ಮಸೀದಿಯಲ್ಲಿ ನಮಾಜು ಬಿಟ್ಟು ಏನು ಮಾಡಬಹುದು, ಏನು ಮಾಡಬಾರದು ಎಂಬುದಕ್ಕೆ ನಮ್ಮಲ್ಲಿ ಪಟ್ಟಿಯೇ ಇದೆ. ನಾವು ಅದನ್ನು ತಲೆಕೆಳಗು ಹಿಡಿದಿದ್ದೇವೆ. ಬೇಡ ಎಂದದ್ದು ಒಳಗೆ ಬಂದಿದೆ, ಬೇಕು ಎಂದದ್ದು ಗೇಟಿನಾಚೆ ನಿಂತಿದೆ.

ಮೊದಲು ಮದೀನಾದ ಮಸೀದಿ. 622ರಲ್ಲಿ ಪೈಗಂಬರರು ಮಕ್ಕಾ ಬಿಟ್ಟು ಅಲ್ಲಿಗೆ ಬಂದ ಮೇಲೆ ಕಟ್ಟಿದ್ದು. ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಮರದ ಕಂಬ, ಅದರದೇ ಗರಿಯ ಚಾವಣಿ. ಮಳೆ ಬಂದರೆ ಸೋರುತ್ತಿತ್ತು. ಒಂದು ರಮಜಾನಿನಲ್ಲಿ ಅವರು ನೆಲಕ್ಕೆ ಹಣೆ ಹಚ್ಚುವ ಸಜ್ದಾದಿಂದ ತಲೆ ಎತ್ತಿದಾಗ ಹಣೆಗೆ ಕೆಸರು ಮೆತ್ತಿತ್ತು ಎಂದು ಕಂಡವರು ಹೇಳಿದ್ದು ಹದೀಸಿನಲ್ಲಿದೆ. ಆ ಮಸೀದಿಯ ಒಂದು ಬದಿಗೆ ನೆರಳು ಮಾಡಿದ ಒಂದು ಜಗಲಿ, ಅದಕ್ಕೆ ಸುಫ್ಫಾ ಅಂತ ಹೆಸರು. ಮನೆ ಮಠ ಇಲ್ಲದವರು, ಹೆಂಡತಿ ಮಕ್ಕಳಿಲ್ಲದವರು ಅಲ್ಲೇ ಮಲಗುತ್ತಿದ್ದರು, ಅಲ್ಲೇ ಕಲಿಯುತ್ತಿದ್ದರು, ಯಾರಾದರೂ ತಂದುಕೊಟ್ಟದ್ದನ್ನು ಅಲ್ಲೇ ಉಣ್ಣುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹದೀಸ್ ಹೇಳಿದ ಅಬೂ ಹುರೈರಾ ಆ ಜಗಲಿಯವರಲ್ಲಿ ಒಬ್ಬರು. ಬಿಡುಗಡೆಯಾದ ಒಬ್ಬ ಗುಲಾಮ ಹೆಂಗಸಿಗೆ ಹೋಗಲು ಎಲ್ಲೂ ಜಾಗವಿಲ್ಲದೆ ಮಸೀದಿಯಲ್ಲೇ ಗುಡಾರ ಹಾಕಿಕೊಟ್ಟಿದ್ದರು.

ಆಸ್ಪತ್ರೆಯೂ ಅದೇ. ಕಂದಕದ ಯುದ್ಧದಲ್ಲಿ, ಅಂದರೆ 627ರಲ್ಲಿ, ಸಅದ್ ಬಿನ್ ಮುಆಜ್ ಎಂಬ ಮುಖಂಡರಿಗೆ ಕೈಯ ನರಕ್ಕೆ ಬಾಣ ತಗುಲಿತು. ಹತ್ತಿರದಲ್ಲೇ ಇದ್ದು ನೋಡಿಕೊಳ್ಳಬೇಕೆಂದು ಪೈಗಂಬರರು ಮಸೀದಿಯಲ್ಲೇ ಗುಡಾರ ಹಾಕಿಸಿದರು. ಶುಶ್ರೂಷೆ ಮಾಡಿದವರು ರುಫೈದಾ ಎಂಬ ಹೆಂಗಸು. ಒಂದು ದಿನ ಗಾಯ ಒಡೆದು ರಕ್ತ ಪಕ್ಕದ ಗುಡಾರದವರ ಕಡೆಗೆ ಹರಿದು ಬಂತು, ‘ನಿಮ್ಮ ಕಡೆಯಿಂದ ಬರುತ್ತಿರುವುದು ಏನಿದು’ ಎಂದು ಅವರು ಗಾಬರಿಯಾದರು ಎಂದಿದೆ. ಮಸೀದಿಯಲ್ಲಿ ರಕ್ತದಾನ ಶಿಬಿರ ಎಂದರೆ ಮುಖ ಸಿಂಡರಿಸುವವರು ಇದನ್ನು ಒಮ್ಮೆ ಓದಬೇಕು.

ಈದ್ ದಿನ ಅಬಿಸೀನಿಯಾದವರು ಈಟಿ ಹಿಡಿದು ಮಸೀದಿಯಲ್ಲಿ ಆಟವಾಡಿದ್ದನ್ನು ಪೈಗಂಬರರ ಪತ್ನಿ ಆಯಿಷಾ ಪತಿಯ ಹೆಗಲ ಹಿಂದಿನಿಂದ ಸಾಕಾಗುವಷ್ಟು ಹೊತ್ತು ನೋಡಿದರು. ಹಸ್ಸಾನ್ ಬಿನ್ ಸಾಬಿತ್ ಎಂಬ ಕವಿ ಅಲ್ಲಿ ಕವಿತೆ ಓದುತ್ತಿದ್ದರು. ಮುಂದೆ ಖಲೀಫ ಉಮರ್ ಗುರಾಯಿಸಿದಾಗ ಹಸ್ಸಾನ್, ಪೈಗಂಬರರನ್ನು ನೆನೆದು, ‘ನಿಮಗಿಂತ ಉತ್ತಮರು ಇದ್ದಾಗಲೇ ಇಲ್ಲಿ ಓದಿದ್ದೇನೆ’ ಎಂದರಂತೆ. ಆದರೂ ಉಮರ್ ಬರೀ ಹರಟೆ ಗದ್ದಲ ಬೇಕಾದವರಿಗೆಂದು ಪಕ್ಕದಲ್ಲಿ ಬೇರೆಯೇ ಒಂದು ಬಯಲು ಮಾಡಿಸಿದರು. ಅದು ಬುದ್ಧಿವಂತರ ಕೆಲಸ.

ನಮ್ಮ ಕಸುಬಿನವರಿಗೆ ತಾಗುವ ಒಂದು ಘಟನೆಯಿದೆ. ಕಅಬ್ ಬಿನ್ ಮಾಲಿಕ್ ಎಂಬುವರು ಸಾಲಗಾರನನ್ನು ಮಸೀದಿಯಲ್ಲೇ ಹಿಡಿದು ಬಾಕಿ ಕೇಳಿದರು, ಇಬ್ಬರ ಗಂಟಲೂ ಏರಿತು. ಪಕ್ಕದ ಕೋಣೆಯಲ್ಲಿದ್ದ ಪೈಗಂಬರರು ಪರದೆ ಸರಿಸಿ ಅರ್ಧ ಬಿಡು ಎಂದು ಕೈಸನ್ನೆ ಮಾಡಿದರು. ಕಅಬ್ ಬಿಟ್ಟರು. ಆಮೇಲೆ ಸಾಲಗಾರನಿಗೆ ‘ಎದ್ದು ಉಳಿದದ್ದು ಕೊಡು’ ಎಂದರು. ಗೂಡಿನ ಬಾಕಿ, ನೂಲಿನ ಬಾಕಿ, ಒಂದು ತಿಂಗಳ ಮಾತು ಆರು ತಿಂಗಳಾಗುವುದು ಶಿಡ್ಲಘಟ್ಟದಲ್ಲಿ ಯಾರ ಮನೆಯಲ್ಲಿ ಇಲ್ಲ? ನಾನೂ ಒಬ್ಬ ಹಳೆಯ ಪಾಲುದಾರರೂ ಎರಡು ವರ್ಷ ಮಾತು ಬಿಟ್ಟಿದ್ದು ಇಂಥದ್ದಕ್ಕೇ, ಬಗೆಹರಿದದ್ದು ವಜೂ ಕಟ್ಟೆಯ ಮೇಲೆ. ಅಂದರೆ ಹೊಸ ವ್ಯಾಪಾರ ಕುದುರಿಸುವುದು ಬೇಡ, ಹಳೆಯ ಜಗಳ ಮುಗಿಸುವುದು ಆಗಬಹುದು. ಈ ಗೆರೆ ನನಗೆ ಬಹಳ ಹಿಡಿಸಿತು.

ಬೇಡ ಎಂಬ ಪಟ್ಟಿ ಸಣ್ಣದಲ್ಲ. ಹಸಿ ಈರುಳ್ಳಿ, ಬೆಳ್ಳುಳ್ಳಿ ತಿಂದು ಬರಬೇಡಿ, ಪಕ್ಕದವರಿಗೆ ವಾಸನೆ. ಇದು ನಮಗೆ ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ಬೇಸಿನ್ನಿನ ಬಿಸಿನೀರಲ್ಲಿ ದಿನವಿಡೀ ಬೆಂದ ಹುಳದ ವಾಸನೆ ಬಟ್ಟೆ, ಕೂದಲು, ಉಗುರಿನ ಸಂದಿಗೆಲ್ಲ ಹತ್ತಿಕೊಳ್ಳುತ್ತದೆ. ನಮಗೆ ಗೊತ್ತಾಗುವುದಿಲ್ಲ, ಹೊರಗಿನಿಂದ ಬಂದ ನೆಂಟರಿಗೆ ಊರಿನ ಬೀದಿಯಲ್ಲೇ ಗೊತ್ತಾಗುತ್ತದೆ. ಇಳಿಹೊತ್ತಿನ ಅಸರ್ ನಮಾಜಿಗೆ ಸ್ನಾನ ಮಾಡಿ ಬನ್ನಿ ಎಂದು ಹಜರತ್ ಬಂದ ಹೊಸದರಲ್ಲೇ ಹೇಳಿದರು; ಕೆಲವರಿಗೆ ಕೋಪ ಬಂತು, ಈಗ ಎಲ್ಲರೂ ಒಂದು ಜೊತೆ ಬಟ್ಟೆ ಬೇರೆ ಇಟ್ಟುಕೊಂಡಿದ್ದಾರೆ.

ಇನ್ನೊಂದು, ಕಳೆದುಹೋದ ವಸ್ತುವನ್ನು ಮಸೀದಿಯಲ್ಲಿ ಕೂಗಿ ಹುಡುಕುವುದು. ಅದಕ್ಕೂ ‘ಅಲ್ಲಾಹ್ ಅದನ್ನು ನಿನಗೆ ಮರಳಿಸದಿರಲಿ, ಮಸೀದಿ ಕಟ್ಟಿದ್ದು ಇದಕ್ಕಲ್ಲ’ ಎಂದು ಹೇಳಬೇಕು ಎಂಬ ಹದೀಸ್ ಇದೆ. ನಮ್ಮ ಮಸೀದಿಯ ಮೈಕು ಯಾವುದಕ್ಕೆ ಬಳಕೆಯಾಗುತ್ತದೆ ಎಂದು ಬರೆಯಲು ನಾಚಿಕೆ. ಬೈಕಿನ ಕೀ ಕಳೆದಿದೆ, ಪಡಿತರ ಚೀಟಿ ಸಿಕ್ಕಿದೆ, ನೀರಿನ ಟ್ಯಾಂಕರ್ ಬಂದಿದೆ. ಬಕ್ರೀದಿಗೆ ವಾರ ಮುಂಚೆ ಒಬ್ಬರ ಹೋತ ತಪ್ಪಿಸಿಕೊಂಡು ಅದರ ಬಣ್ಣ, ಕೊಂಬು, ಕೊರಳ ಹಗ್ಗದ ವಿವರ ಮೂರು ಸಲ ಪ್ರಸಾರವಾಯಿತು. ವಜೂ ಮಾಡುತ್ತಿದ್ದ ಒಬ್ಬ ಹಿರಿಯರು ತಲೆ ಎತ್ತದೆ, “ಸಿಗದಿರಲಿ” ಎಂದರು. ಎಲ್ಲರೂ ಬೆಚ್ಚಿದರು. ಹದೀಸ್ ಗೊತ್ತಿದ್ದ ಹಜರತ್ ಒಬ್ಬರೇ ನಕ್ಕದ್ದು. ಹೋತ ಸಿಕ್ಕಿತು ಬಿಡಿ. ಮಗು ಕಳೆದರೆ ಮಾತ್ರ ಕೂಗಬಹುದು, ಅದು ಜೀವದ ಪ್ರಶ್ನೆ ಎಂದು ಹಜರತ್ ಹೇಳಿ, ಉಳಿದದ್ದಕ್ಕೆ ವಾಟ್ಸ್ಆಪ್ ಗ್ರೂಪು ಮಾಡಿಸಿದರು. ಮೈಕು ಈಗ ಸ್ವಲ್ಪ ಸುಮ್ಮನಿದೆ.

ಈಗ ಟ್ಯೂಷನ್ನಿನ ವಿಷಯ. ನಮ್ಮ ಮೊಹಲ್ಲಾದಲ್ಲಿ ಎಸ್ಸೆಸ್ಸೆಲ್ಸಿ ಹುಡುಗರು ಗಣಿತದಲ್ಲೇ ಕವುಚಿ ಬೀಳುತ್ತಾರೆ. ಒಂದು ಕೋಣೆಯ ಮನೆ, ಅದರಲ್ಲೇ ಬೇಸಿನ್ನು ಅಥವಾ ಪಕ್ಕದಲ್ಲಿ ಬೇಸಿನ್ನು, ಓದಲು ಜಾಗ ಎಲ್ಲಿ? ನಮ್ಮ ಬೀದಿಯ ಕೊನೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರಿದ್ದಾರೆ. ಬೇರೆ ಧರ್ಮದವರು, ನನ್ನ ಮಗಳಿಗೂ ಪಾಠ ಹೇಳಿದವರು. ದುಡ್ಡು ಬೇಡ, ಜಾಗ ಕೊಡಿ, ಮಗ್ರಿಬ್‌ನಿಂದ ಇಶಾವರೆಗೆ ಕೂರಿಸಿಕೊಳ್ಳುತ್ತೇನೆ ಎಂದರು. ಮಸೀದಿಯ ಮಹಡಿ ಕೋಣೆ ಖಾಲಿ ಇದೆ. ರಮಜಾನಿನಲ್ಲಿ ಗಂಜಿಯ ಪಾತ್ರೆ ಇಡಲು ಬಿಟ್ಟರೆ ವರ್ಷವೆಲ್ಲ ಹರಿದ ಚಾಪೆ, ಕೆಟ್ಟ ಫ್ಯಾನು. ಕಮಿಟಿಯ ಮುಂದೆ ಇಟ್ಟೆ.

ಎದ್ದ ತಕರಾರುಗಳಲ್ಲಿ ಒಂದೆರಡು ಸುಮ್ಮನೆ ತಳ್ಳಿಹಾಕುವಂಥವಲ್ಲ. ಒಬ್ಬರು, ಮಸೀದಿಯಾದ ಜಾಗ ಕೆಳಗಿನಿಂದ ಆಕಾಶದವರೆಗೂ ಮಸೀದಿಯೇ, ಮಹಡಿ ಎಂದರೆ ಹೊರಗಲ್ಲ ಎಂದರು. ನಾವು ಪಾಲಿಸುವ ಹನಫಿ ಪಂಥದ ಕಾನೂನಿನಲ್ಲಿ ಅದು ನಿಜ. ಆದರೆ ನಮ್ಮ ಆ ಕೋಣೆ ಇರುವುದು ನಮಾಜಿನ ಜಾಗದ ಮೇಲಲ್ಲ, ವಜೂ ಕಟ್ಟೆಯ ಮೇಲೆ. ವಜೂ ಕಟ್ಟೆ, ಅಂಗಳ, ಚಪ್ಪಲಿ ಬಿಡುವ ಜಾಗ ಇವು ಮಸೀದಿಯ ಆಸ್ತಿ, ಆದರೆ ಸಫ್ ಹಾಕುವ ಜಾಗದ ಕಟ್ಟುನಿಟ್ಟು ಇವಕ್ಕಿಲ್ಲ. ಇದರಿಂದ ಇನ್ನೊಂದು ಅನುಕೂಲವೂ ಆಯಿತು: ಹೆಣ್ಣು ಮಕ್ಕಳು ತಿಂಗಳ ಎಲ್ಲ ದಿನವೂ ಬಂದು ಕೂರಬಹುದು. ಇದನ್ನು ಹಜರತ್ ತಾವಾಗಿಯೇ, ತಲೆ ತಗ್ಗಿಸಿಕೊಂಡು ಹೇಳಿದರು. ನಮಗೆ ಯಾರಿಗೂ ಹೊಳೆದಿರಲಿಲ್ಲ.

ಮೇಷ್ಟ್ರು ಒಳಗೆ ಬರಬಹುದೇ ಎಂಬುದು ಎರಡನೆಯದು. ಈ ವಿಷಯದಲ್ಲಿ ಇಮಾಮರ ಪಂಥಗಳ ನಡುವೆಯೇ ಭೇದವಿದೆ. ಮಾಲಿಕಿಗಳು ಅಗತ್ಯವಿಲ್ಲದೆ ಬೇಡ ಎನ್ನುತ್ತಾರೆ, ಶಾಫಿಗಳು ಮುಸ್ಲಿಮರ ಅನುಮತಿ ಇದ್ದರೆ ಸರಿ ಎನ್ನುತ್ತಾರೆ, ನಾವು ಹನಫಿಗಳು, ನಮ್ಮಲ್ಲಿ ಅಡ್ಡಿಯಿಲ್ಲ. ಮಕ್ಕಾದ ಹರಮ್‌ನ, ಅಂದರೆ ಕಾಬಾ ಇರುವ ಮಸೀದಿಯ ಮಾತು ಬೇರೆ. ಸುಮಾಮಾ ಎಂಬ ಯಮಾಮದ ಮುಖಂಡ ಇನ್ನೂ ಮುಸ್ಲಿಮನಾಗದೆ ಸೆರೆಯಾಗಿ ಬಂದಾಗ ಮದೀನಾದ ಮಸೀದಿಯ ಕಂಬಕ್ಕೇ ಕಟ್ಟಿದ್ದರು. ದಿನವೂ ಪೈಗಂಬರರು ಬಂದು ‘ಏನು ಹೇಳುತ್ತೀ’ ಎಂದು ಕೇಳಿ ಹೋಗುತ್ತಿದ್ದರು, ಮೂರನೆಯ ದಿನ ಬಿಚ್ಚಿಬಿಡಿ ಎಂದರು. ಬಿಟ್ಟ ಮೇಲೆ ಆತ ಹತ್ತಿರದ ತೋಟಕ್ಕೆ ಹೋಗಿ ಸ್ನಾನ ಮಾಡಿ ತಾನಾಗಿ ತಿರುಗಿ ಬಂದ. ನಜರಾನಿನಿಂದ ಬಂದ ಕ್ರೈಸ್ತರು ಅದೇ ಮಸೀದಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ತಮ್ಮ ಪ್ರಾರ್ಥನೆ ಮಾಡಿದರೆಂದು ಪೈಗಂಬರರ ಹಳೆಯ ಚರಿತ್ರೆಗಳಲ್ಲಿದೆ. ನಾನು ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದಾಗ ಅವರು, “ಕಂಬಕ್ಕೆ ಕಟ್ಟೋದು ಬೇಡ ಸಾಬ್ರೆ, ಒಂದು ಕುರ್ಚಿ ಹಾಕಿ ಸಾಕು, ಮಂಡಿ ನೋವು” ಎಂದರು.

ಮೂರನೆಯದು ಲೈಟ್ ಬಿಲ್ಲು. ನಮ್ಮ ಖಜಾಂಚಿಯವರು ಒಂದು ರೂಪಾಯಿಯನ್ನೂ ಎಣಿಸಿ ಇಡುವವರು, ಅವರ ಮೇಲೆ ನನಗೆ ಗೌರವವಿದೆ. ಜನ ಚಂದಾ ಕೊಟ್ಟಿದ್ದು ನಮಾಜಿನ ದೀಪಕ್ಕೆ, ಲೆಕ್ಕ ಮಾಡುವ ಹುಡುಗರಿಗಲ್ಲ ಎಂದರು. ದೇವರ ಹೆಸರಿನಲ್ಲಿ ದಾನ ಬಿಟ್ಟದ್ದು, ವಕ್ಫ್, ಎಂದರೆ ಕೊಟ್ಟವನ ಇಂಗಿತ ನಡೆಯಬೇಕು, ನಿಜ. ಹಜರತ್ ಎರಡು ದಿನ ಸಮಯ ಕೇಳಿ ಒಂದು ದಪ್ಪ ಪುಸ್ತಕ ತಂದರು, ಫತಾವಾ ಆಲಮ್‌ಗೀರಿ. ಔರಂಗಜೇಬನ ಕಾಲದಲ್ಲಿ, ಅವನ ಅಪ್ಪಣೆಯ ಮೇಲೆ ಪಂಡಿತರು ಕೂತು ಕೂಡಿಸಿದ ಹನಫಿ ತೀರ್ಪುಗಳ ಗ್ರಂಥ. ಅದೇ ಬಾದಶಹನ ಕಾಲದಲ್ಲಿ, 1696ರಲ್ಲಿ, ಪಕ್ಕದ ತುಮಕೂರು ಜಿಲ್ಲೆಯ ಶಿರಾದ ಜಾಮಿಯಾ ಮಸೀದಿ ಎದ್ದದ್ದು. ಮದುವೆಗೆಂದು ಆ ಕಡೆ ಹೋದಾಗ ಆ ಕಲ್ಲಿನ ಕಟ್ಟಡವನ್ನು ನೋಡಿದ್ದೇನೆ. ಆ ಗ್ರಂಥದಲ್ಲಿ ಸರಿಯಾಗಿ ನಮ್ಮ ಖಜಾಂಚಿಯವರ ಪ್ರಶ್ನೆಯೇ ಇದೆ: ಮಸೀದಿಯ ದೀಪದ ಬೆಳಕಿನಲ್ಲಿ ಪುಸ್ತಕ ಓದಿ ಪಾಠ ಹೇಳಬಹುದೇ? ನಮಾಜಿಗೆಂದು ಹಚ್ಚಿಟ್ಟ ದೀಪವಾದರೆ ಹೇಳಬಹುದು; ನಮಾಜು ಮುಗಿದವರು ಎದ್ದು ಹೋದ ಮೇಲೂ ರಾತ್ರಿಯ ಮೂರನೇ ಒಂದು ಭಾಗ ಕಳೆಯುವವರೆಗೆ ಅಡ್ಡಿಯಿಲ್ಲ. ಎಣ್ಣೆಯ ದೀಪದ ಕಾಲದಲ್ಲೂ ಯಾರೋ ಖಜಾಂಚಿ ಎಣ್ಣೆಯ ಲೆಕ್ಕ ಕೇಳಿರಬೇಕು, ಯಾರೋ ಹುಡುಗ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿರಬೇಕು. ರಾತ್ರಿಯ ಮೂರನೇ ಒಂದು ಭಾಗ ಎಂದರೆ ನಮ್ಮ ಕಡೆ ಹೆಚ್ಚುಕಮ್ಮಿ ಹತ್ತು ಗಂಟೆ ಆಗುತ್ತದೆ. ಟ್ಯೂಷನ್ನು ಎಂಟಕ್ಕೆ ಮುಗಿಯುತ್ತದೆ.

ಅದೇ ಗ್ರಂಥದ ಇನ್ನೊಂದು ತೀರ್ಪು ನನಗೆ ಗೊತ್ತಿರಲಿಲ್ಲ. ಮಸೀದಿಯಲ್ಲಿ ಕೂತು ಸಂಬಳಕ್ಕೆ ಪಾಠ ಹೇಳುವುದು ಸರಿಯಲ್ಲ, ಪುಣ್ಯಕ್ಕೆ ಹೇಳಿದರೆ ಅಡ್ಡಿಯಿಲ್ಲ. ಮತ್ತೆ ಅದೇ ವ್ಯಾಪಾರದ ಗೆರೆ. ಫೀಸು ಬೇಡ ಎಂದ ನಮ್ಮ ಮೇಷ್ಟ್ರು ಅದನ್ನು ಓದದೆಯೇ ಪಾಲಿಸಿದ್ದರು.

ಹುಡುಗರು ಗಲೀಜು ಮಾಡುತ್ತಾರೆ ಎಂಬುದು ಕೊನೆಯ ತಕರಾರು. ಒಬ್ಬ ಹಳ್ಳಿಗ ಬಂದು ಮದೀನಾದ ಮಸೀದಿಯ ಒಳಗೇ ಮೂತ್ರ ಮಾಡಿದ. ಜನ ಹೊಡೆಯಲು ಎದ್ದರು. ಪೈಗಂಬರರು, ಮುಗಿಸಲಿ ಬಿಡಿ ಎಂದು ತಡೆದು, ಆಮೇಲೆ ಒಂದು ಬಕೆಟ್ ನೀರು ಸುರಿಸಿದರು. ಒಂದು ಬಕೆಟ್ ನೀರು ನಮ್ಮ ಹತ್ತಿರವೂ ಇದೆ.

ನಿಮ್ಮ ಪತ್ರದವರು ಹಳೆಯ ಕಾಲದ್ದು ಹೇಳಬೇಡಿ ಎನ್ನಬಹುದು. 2019ರ ಆಗಸ್ಟಿನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕವಳಪ್ಪಾರದಲ್ಲಿ ಗುಡ್ಡ ಕುಸಿದಾಗ ಹೆಣಗಳನ್ನು ದೂರದ ಆಸ್ಪತ್ರೆಗೆ ಸಾಗಿಸಲಾಗದೆ ಪೋತ್ತುಕಲ್ಲಿನ ಮಸೀದಿಯವರು ತಮ್ಮ ನಮಾಜಿನ ಜಾಗವನ್ನೇ ಮರಣೋತ್ತರ ಪರೀಕ್ಷೆಗೆ ಬಿಟ್ಟುಕೊಟ್ಟರು. ಮದರಸಾದ ಬೆಂಚುಗಳೇ ಮೇಜು. ಯಾವ ಧರ್ಮದ ಹೆಣ ಎಂದು ಅಲ್ಲಿ ಯಾರೂ ಬೇರೆ ಮಾಡಲಿಲ್ಲ. ನಾವು ಹನಫಿಗಳು ಸತ್ತವರಿಗಾಗಿ ಮಾಡುವ ಜನಾಜಾ ನಮಾಜನ್ನೂ ಒಳಗೆ ಮಾಡದೆ ಅಂಗಳದಲ್ಲಿ ಮಾಡುವವರು. ಅದನ್ನು ಓದಿದ ದಿನ ನಾನು ಬಹಳ ಹೊತ್ತು ಪೇಪರ್ ಹಿಡಿದುಕೊಂಡೇ ಕೂತಿದ್ದೆ. 2020ರ ಜನವರಿಯಲ್ಲಿ ಕಾಯಂಕುಳಂ ಬಳಿಯ ಚೇರಾವಳ್ಳಿ ಮಸೀದಿಯ ಅಂಗಳದಲ್ಲಿ ಬಡ ಹಿಂದೂ ಕುಟುಂಬದ ಹುಡುಗಿಯ ಮದುವೆ ಅವರದೇ ಶಾಸ್ತ್ರದಂತೆ ನಡೆಯಿತು. 2021ರ ಏಪ್ರಿಲ್‌ನಲ್ಲಿ, ರಮಜಾನಿನ ತಿಂಗಳಲ್ಲೇ, ವಡೋದರದ ಜಹಾಂಗೀರ್‌ಪುರ ಮಸೀದಿ ಐವತ್ತು ಹಾಸಿಗೆಯ ಕೋವಿಡ್ ಆಸ್ಪತ್ರೆಯಾಯಿತು. ಇವರು ಯಾರೂ ಹೊಸ ಧರ್ಮ ಮಾಡಿದ್ದಲ್ಲ.

ನನ್ನ ಹೆಂಡತಿ ಮೂವತ್ತು ವರ್ಷ ಬೇಸಿನ್ನಿನ ಮುಂದೆ ನಿಂತು ಕೆಲಸ ಮಾಡಿದವಳು, ಬೆರಳ ತುದಿಯ ಚರ್ಮ ಬಿಸಿನೀರಿಗೆ ಬೆಳ್ಳಗಾಗಿದೆ. ನಮ್ಮ ಮಸೀದಿಯ ಒಳಗು ಹೇಗಿದೆ ಎಂದು ಅವಳಿಗೆ ಗೊತ್ತಿಲ್ಲ. ‘ಅಲ್ಲಾಹನ ದಾಸಿಯರನ್ನು ಮಸೀದಿಗಳಿಂದ ತಡೆಯಬೇಡಿ’ ಎಂಬ ಮಾತು ಇದೆ ಎಂದು ನಾನು ಅವಳಿಗೆ ಹೇಳಿದಾಗ, “ಇಷ್ಟು ವರ್ಷ ಎಲ್ಲಿಟ್ಟಿದ್ರಿ ಅದನ್ನ?” ಎಂದಳು. ಮದೀನಾದ ಮಸೀದಿ ಗುಡಿಸುತ್ತಿದ್ದ ಹೆಂಗಸೊಬ್ಬಳು ಸತ್ತಾಗ, ಚಿಕ್ಕ ವಿಷಯವೆಂದು ಯಾರೂ ತಿಳಿಸದೆ ಮಣ್ಣು ಮಾಡಿದ್ದರಂತೆ. ಪೈಗಂಬರರು ಕೇಳಿ ತಿಳಿದು, ಅವಳ ಗೋರಿ ತೋರಿಸಿ ಎಂದು ಹೋಗಿ ನಮಾಜು ಮಾಡಿದರು. ಈ ವಿಷಯ ಕಮಿಟಿಯಲ್ಲಿ ಎತ್ತುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ. ಟ್ಯೂಷನ್ನಿಗೆ ಹುಡುಗಿಯರು ಪಕ್ಕದ ಮೆಟ್ಟಿಲಿನಿಂದ ಬರಲಿ, ಅಲ್ಲಿಂದ ನೋಡೋಣ.

ಗೂಡು ಹರಡುವ ಪ್ರಶ್ನೆಗೆ ಹಜರತ್ ಕೊನೆಗೂ ಉತ್ತರ ಕೊಟ್ಟರು. ಸಫ್ ಹಾಕುವ ಜಾಗದೊಳಗೆ ಮಾಲು ತರುವ ಹಾಗಿಲ್ಲ. ಮಸೀದಿಯಲ್ಲೇ ತಂಗಿ ಪ್ರಾರ್ಥನೆಯಲ್ಲಿರುವ ಇತಿಕಾಫ್ ಕೂತವನಿಗೂ ತೀರಾ ಬೇಕಾದ್ದನ್ನು ಬಾಯಿಮಾತಿನಲ್ಲಿ ಕೊಳ್ಳಲು ಬಿಟ್ಟಿದ್ದಾರೆಯೇ ಹೊರತು ಸಾಮಾನು ಒಳಗೆ ತರಿಸಲು ಬಿಟ್ಟಿಲ್ಲ. ಆದರೆ ಹೊರ ವರಾಂಡ ಮಸೀದಿಯ ಹದ್ದಿನ ಆಚೆ. ಅಲ್ಲಿ ಒಬ್ಬ ದಾರಿಹೋಕ ತನ್ನ ಬದುಕನ್ನು ಒಣಗಿಸಿಕೊಂಡರೆ ಅದು ವ್ಯಾಪಾರವಲ್ಲ. “ಮಾರೋದು ಮಾರ್ಕೆಟ್ಟಲ್ಲಿ ತಾನೇ ಚಾಚಾ?” ಎಂದರು.

ಆ ರೈತನಿಗಾಗಿ ಮಾರುಕಟ್ಟೆಯಲ್ಲಿ ಕಣ್ಣಾಡಿಸುತ್ತಲೇ ಇದ್ದೇನೆ, ಇನ್ನೂ ಸಿಕ್ಕಿಲ್ಲ. ಹೆಸರೂ ಕೇಳಿರಲಿಲ್ಲ. ಈಗ ಮಳೆಯ ದಿನ ಗೇಟಿಗೆ ಬೀಗ ಹಾಕುವುದಿಲ್ಲ, ಒಳಬಾಗಿಲಿಗೆ ಮಾತ್ರ. ವರಾಂಡದ ಮೂಲೆಯಲ್ಲಿ ಎರಡು ಹಳೆಯ ಚಾಪೆ ಸುತ್ತಿ ಇಟ್ಟಿದ್ದೇನೆ. ಹೋದ ತಿಂಗಳು ಒಬ್ಬರು ಬಂದು ಹರಡಿಕೊಂಡಿದ್ದರು, ಬೆಳಿಗ್ಗೆ ಫಜರ್‌ಗೆ ಬಂದವರು ಚಪ್ಪಲಿ ಕೈಯಲ್ಲಿ ಹಿಡಿದು ಗೂಡು ತುಳಿಯದಂತೆ ಬಳಸಿಕೊಂಡು ಹೋದರು. ನಲ್ಲಿಗಳು ಇನ್ನೂ ಅಲ್ಲೇ ಇವೆ.

ಟ್ಯೂಷನ್ನಿಗೆ ಕಮಿಟಿ ಮೂರು ತಿಂಗಳ ಮಟ್ಟಿಗೆ ಒಪ್ಪಿದೆ, ಪರೀಕ್ಷೆ ಮುಗಿಯುವವರೆಗೆ. ಸೋಮವಾರದಿಂದ ಶುರು. ನಿಮ್ಮ ಪತ್ರದವರು ಬಂದು ನೋಡಬಹುದು, ಪಕ್ಕದ ಮೆಟ್ಟಿಲು, ಚಪ್ಪಲಿ ಕೆಳಗೇ ಬಿಡಬೇಕು. ಕೆಟ್ಟ ಫ್ಯಾನು ರಿಪೇರಿಗೆ ಕೊಟ್ಟಿದ್ದೇನೆ, ಕುರ್ಚಿ ಮನೆಯಿಂದ ಹೋಗಿದೆ. ಮೇಷ್ಟ್ರು ಬೋರ್ಡ್ ಒರೆಸಲು ಒಂದು ಡಸ್ಟರ್ ಕೇಳಿದ್ದಾರೆ. ಅದೊಂದು ತರಬೇಕು.

ಇತಿ,
ಒಬ್ಬ ರೀಲರ್, ಶಿಡ್ಲಘಟ್ಟ
(ಹೆಸರು ಹಾಕಬೇಡಿ, ಕಮಿಟಿಯಲ್ಲಿ ಇನ್ನೂ ಕೂರಬೇಕು)